ಆಲ್-ಇನ್-ಒನ್ ಕಂಪ್ಯೂಟರ್‌ಗೆ ಸೆಟ್‌ಟಾಪ್ ಬಾಕ್ಸ್ ಜೋಡಿಸಿ ಟಿವಿ ನೋಡಬಹುದೇ?

ಸಂಕ್ಷಿಪ್ತವಾಗಿ

ಎಚ್‌ಡಿಎಂಐ ಪೋರ್ಟ್ ಇದ್ದ ಮಾತ್ರಕ್ಕೆ ಆಲ್-ಇನ್-ಒನ್ ಕಂಪ್ಯೂಟರ್ ಟಿವಿಯಾಗುವುದಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಆ ಪೋರ್ಟ್ ಇರುವುದು ಚಿತ್ರವನ್ನು ಹೊರಗೆ ಕಳುಹಿಸಲು ಮಾತ್ರ. ಆದರೆ ಮನೆಯಲ್ಲಿ ಇಂಟರ್‌ನೆಟ್ ಇದ್ದರೆ ಹೊಸ ಉಪಕರಣ ಕೊಳ್ಳದೆಯೇ ಅದರಲ್ಲಿ ಟಿವಿ ಕಾರ್ಯಕ್ರಮ ನೋಡಬಹುದು. ಹಾಗಾಗಿ ಈ ನಂಬಿಕೆ ಅರ್ಧ ಸತ್ಯ.

ನಂಬಿಕೆ ಏನು?

ಕೊರೊನಾ ಕಾಲದಲ್ಲಿ ಆನ್‌ಲೈನ್ ತರಗತಿಗೆಂದು ಕೊಂಡ ಕಂಪ್ಯೂಟರ್ ಮೂಲೆಯಲ್ಲಿದೆ. ಹಾಲ್‌ನಲ್ಲಿದ್ದ ಟಿವಿ ಕೆಟ್ಟಿದೆ. ಸಂಜೆಯ ಧಾರಾವಾಹಿ ತಪ್ಪಿತೆಂದು ಅಜ್ಜಿಗೆ ಬೇಸರ. ‘ಅದೂ ಪರದೆ, ಇದೂ ಪರದೆ, ಒಂದು ಕೇಬಲ್ ತಂದರೆ ಆಯ್ತಲ್ಲ’ ಎಂದು ಯಾರಿಗಾದರೂ ಅನಿಸುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಕೇಬಲ್ ಜೋಡಿಸಿದರೆ ಎಂದಿನ ವಿಂಡೋಸ್ ಬಿಟ್ಟು ಬೇರೇನೂ ಕಾಣಲಿಲ್ಲ. ಕೇಬಲ್ ಬದಲಿಸಿದೆ, ಬಾಕ್ಸೇ ಕೆಟ್ಟಿದೆ ಎಂದುಕೊಂಡೆ. ತಪ್ಪು ಎರಡರದ್ದೂ ಆಗಿರಲಿಲ್ಲ.

ಕೇಬಲ್ ಜೋಡಿಸಿದರೂ ಚಿತ್ರ ಏಕೆ ಬರುವುದಿಲ್ಲ?

ಎಚ್‌ಡಿಎಂಐ ಸಂಪರ್ಕದಲ್ಲಿ ಒಂದು ಕಡೆ ಚಿತ್ರ ಕಳುಹಿಸುವ ಸಾಧನ, ಇನ್ನೊಂದು ಕಡೆ ಸ್ವೀಕರಿಸುವ ಸಾಧನ ಇರಬೇಕು. ಸೆಟ್‌ಟಾಪ್ ಬಾಕ್ಸ್ ಕಳುಹಿಸುವ ಸಾಧನ. ಬಹುತೇಕ ಆಲ್-ಇನ್-ಒನ್‌ಗಳ ಪೋರ್ಟ್ ಕೂಡ ಕಳುಹಿಸುವಂಥದ್ದೇ. ಎರಡನೇ ಮಾನಿಟರ್ ಅಥವಾ ಪ್ರೊಜೆಕ್ಟರ್ ಜೋಡಿಸಲು ಅದನ್ನು ಕೊಟ್ಟಿರುತ್ತಾರೆ. ಎರಡು ನಲ್ಲಿಗಳನ್ನು ಒಂದೇ ಪೈಪಿನಿಂದ ಎದುರುಬದುರು ಜೋಡಿಸಿದರೆ ಬಕೆಟ್ ತುಂಬುವುದಿಲ್ಲ, ಅಲ್ಲವೇ? ಇಲ್ಲೂ ಅಷ್ಟೇ. ಎರಡೂ ಪೋರ್ಟ್‌ಗಳ ಆಕಾರ ಒಂದೇ ಆಗಿರುವುದರಿಂದ ಗೊಂದಲವಾಗುತ್ತದೆ.

ಸಾಫ್ಟ್‌ವೇರ್ ಹಾಕಿ ಇದನ್ನು ಸರಿಪಡಿಸಲೂ ಆಗುವುದಿಲ್ಲ. ಪರದೆಯು ಒಳಗಿನ ಕೇಬಲ್ ಮೂಲಕ ಮದರ್‌ಬೋರ್ಡ್‌ಗೆ ಜೋಡಣೆಯಾಗಿರುತ್ತದೆ. ಹೊರಗಿನ ಚಿತ್ರವನ್ನು ಸ್ವೀಕರಿಸಿ ಪರದೆಗೆ ಮುಟ್ಟಿಸುವ ಚಿಪ್ ಒಳಗೆ ಇಲ್ಲದಿದ್ದರೆ ದಾರಿಯೇ ಇಲ್ಲ.

ಯಾವ ಮಾದರಿಗಳಲ್ಲಿ ಸಾಧ್ಯ?

ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಕೆಲವು ಮಾದರಿಗಳಲ್ಲಿ ಚಿತ್ರ ಸ್ವೀಕರಿಸುವ ಪೋರ್ಟ್ ಪ್ರತ್ಯೇಕವಾಗಿ ಇದೆ. ಪೋರ್ಟ್ ಪಕ್ಕದಲ್ಲಿ ‘ಇನ್’ ಎಂದು ಅಥವಾ ಒಳಮುಖ ಬಾಣದ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಮಾದರಿ ಸಂಖ್ಯೆ ಹಿಡಿದು ಕಂಪನಿಯ ಕೈಪಿಡಿಯಲ್ಲಿ ಹುಡುಕಿ. ಕೇಬಲ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದೇ.

ಆಪಲ್‌ನ 2009ರ ಕೊನೆಯಿಂದ 2014ರ ಮಧ್ಯದವರೆಗಿನ ಹಲವು ಐಮ್ಯಾಕ್‌ಗಳು ಇನ್ನೊಂದು ಮ್ಯಾಕ್‌ಗೆ ಪರದೆಯಾಗಬಲ್ಲವು. ಆದರೆ 2011ರಿಂದ ಬಂದ ಥಂಡರ್‌ಬೋಲ್ಟ್ ಮಾದರಿಗಳಿಗೆ ಸೆಟ್‌ಟಾಪ್ ಬಾಕ್ಸ್ ಜೋಡಿಸಲು ಬರುವುದಿಲ್ಲ. 2014ರ ಕೊನೆಯಲ್ಲಿ ಬಂದ 5ಕೆ ಐಮ್ಯಾಕ್‌ನಲ್ಲಿ ಈ ಸೌಲಭ್ಯವೇ ಇಲ್ಲ.

ಕ್ಯಾಪ್ಚರ್ ಕಾರ್ಡ್ ಕೊಂಡರೆ ಸಾಕೇ?

ಎಚ್‌ಡಿಎಂಐ ಚಿತ್ರವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ತರುವ ಪುಟ್ಟ ಸಾಧನ ಇದು. ಕಂಪ್ಯೂಟರ್ ಇದನ್ನು ವೆಬ್‌ಕ್ಯಾಮ್‌ನಂತೆ ಗುರುತಿಸುತ್ತದೆ. ಒಬಿಎಸ್ ಸ್ಟುಡಿಯೋ ಅಥವಾ ವಿಎಲ್‌ಸಿಯಲ್ಲಿ ಚಿತ್ರ ನೋಡಬಹುದು. ಆದರೆ ಎರಡು ತೊಡಕುಗಳಿವೆ.

ಮೊದಲನೆಯದು ವೇಗ. ಸೆಕೆಂಡಿಗೆ 60 ಫ್ರೇಮ್‌ಗಳ ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ದತ್ತಾಂಶ ಬೇಕು. ಯುಎಸ್‌ಬಿ 2.0 ಸಾಗಿಸಬಲ್ಲದ್ದು ಗರಿಷ್ಠ 480 ಮೆಗಾಬಿಟ್. ಆದ್ದರಿಂದ ಅಗ್ಗದ ಕಾರ್ಡ್‌ಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತವೆ. ಗುಣಮಟ್ಟ ಇಳಿಯುತ್ತದೆ, ಚಿತ್ರ ತುಸು ತಡವಾಗಿಯೂ ಬರುತ್ತದೆ. ಧಾರಾವಾಹಿ ನೋಡಲು ಅಡ್ಡಿಯಿಲ್ಲ, ವಿಡಿಯೋ ಗೇಮ್ ಆಡುವವರಿಗೆ ಕಿರಿಕಿರಿ.

ಎರಡನೆಯದು ಎಚ್‌ಡಿಸಿಪಿ ಎಂಬ ನಕಲು ತಡೆ ವ್ಯವಸ್ಥೆ. ಇದರಲ್ಲಿ ಚಿತ್ರ ಸಂಕೇತರೂಪದಲ್ಲಿ ಹೋಗುತ್ತದೆ. ಅನುಮತಿ ಪಡೆದ ಪರದೆ ಮಾತ್ರ ಅದನ್ನು ಬಿಡಿಸಬಲ್ಲದು. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಇದು ಚಾಲೂ ಇದ್ದರೆ ಸಾಮಾನ್ಯ ಕ್ಯಾಪ್ಚರ್ ಕಾರ್ಡ್‌ನಲ್ಲಿ ಬರುವುದು ಖಾಲಿ ಪರದೆ. ಹಾಗಾಗಿ ಪರೀಕ್ಷಿಸಿ ನೋಡದೆ, ಹಿಂದಿರುಗಿಸಲು ಅವಕಾಶವಿದೆಯೇ ಎಂದು ಕೇಳದೆ ಹಣ ಕೊಡಬೇಡಿ.

ಹಾಗಾದರೆ ಸುಲಭದ ದಾರಿ ಯಾವುದು?

ಸೆಟ್‌ಟಾಪ್ ಬಾಕ್ಸನ್ನೇ ಬಿಟ್ಟುಬಿಡುವುದು. ಆಲ್-ಇನ್-ಒನ್ ಬರೀ ಪರದೆಯಲ್ಲ, ಪೂರ್ಣ ಕಂಪ್ಯೂಟರ್. ಹಲವು ಕನ್ನಡ ಸುದ್ದಿ ವಾಹಿನಿಗಳು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುತ್ತವೆ. ಧಾರಾವಾಹಿ, ಕ್ರಿಕೆಟ್‌ಗೆ ಒಟಿಟಿ ವೇದಿಕೆಗಳಿವೆ. ಕೆಲವಕ್ಕೆ ಚಂದಾ ಕಟ್ಟಬೇಕಾಗುತ್ತದೆ. ಮೊಬೈಲ್ ಪರದೆಯನ್ನೇ ದೊಡ್ಡದಾಗಿ ನೋಡಲು ವಿಂಡೋಸ್ 10 ಮತ್ತು 11ರಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ ಸೌಲಭ್ಯವನ್ನು ಸೇರಿಸಿಕೊಳ್ಳಬಹುದು. ಮೊಬೈಲ್ ಮತ್ತು ಕಂಪ್ಯೂಟರ್ ಎರಡೂ ಮಿರಾಕಾಸ್ಟ್‌ಗೆ ಹೊಂದಬೇಕು ಅಷ್ಟೇ. ಇಲ್ಲೂ ಕೆಲವು ಆ್ಯಪ್‌ಗಳು ಚಿತ್ರ ಕಳುಹಿಸಲು ಬಿಡುವುದಿಲ್ಲ ಎಂಬುದು ನೆನಪಿರಲಿ.

ಅಜ್ಜಿಗೆ ಮೌಸ್ ಹಿಡಿಯುವುದು ಕಷ್ಟವೇ? ಬೇಕಾದ ಎರಡು ಮೂರು ವಾಹಿನಿಗಳ ಶಾರ್ಟ್‌ಕಟ್‌ಗಳನ್ನು ಡೆಸ್ಕ್‌ಟಾಪ್‌ನಲ್ಲಿ ದೊಡ್ಡದಾಗಿ ಇಟ್ಟುಕೊಡಿ. ನಮ್ಮ ಮನೆಯಲ್ಲಿ ಕೊನೆಗೆ ಉಪಯೋಗಕ್ಕೆ ಬಂದದ್ದು ಅದೇ.

ಕಂಪ್ಯೂಟರ್ ಕೆಟ್ಟು ಪರದೆ ಮಾತ್ರ ಚೆನ್ನಾಗಿದ್ದರೆ?

ಪರದೆಗೆ ಹೊಂದುವ ಕಂಟ್ರೋಲರ್ ಬೋರ್ಡ್ ಹಾಕಿಸಿ ಅದನ್ನು ಮಾನಿಟರ್ ಆಗಿ ಬಳಸಬಹುದು. ಪರದೆಯ ಹಿಂಭಾಗದಲ್ಲಿರುವ ಮಾದರಿ ಸಂಖ್ಯೆಗೆ ಬೋರ್ಡ್ ಹೊಂದಲೇಬೇಕು. ಆದರೆ ಇದು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸವಲ್ಲ. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ತಿಳಿದ ರಿಪೇರಿಯವರ ಬಳಿ ಒಯ್ಯಿರಿ. ಖರ್ಚು ಹೊಸ ಟಿವಿಯ ಬೆಲೆಯ ಹತ್ತಿರ ಬಂದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡುವುದೇ ಲೇಸು.

ಕೊನೆಯ ಮಾತು

ಹಿಂದೆ ಪೋರ್ಟ್ ಇದೆ ಎಂಬುದಷ್ಟನ್ನೇ ನೋಡಬೇಡಿ. ಅದು ಚಿತ್ರವನ್ನು ಕಳುಹಿಸುವುದೋ, ಸ್ವೀಕರಿಸುವುದೋ ಎಂದು ಕೇಳಿ. ಆ ಒಂದು ಪ್ರಶ್ನೆ ನಿಮ್ಮ ಹಣವನ್ನೂ ಅಲೆದಾಟವನ್ನೂ ಉಳಿಸುತ್ತದೆ.