ಥರ್ಮೋಕೋಲ್ ಕರಗಿಸಿ ಬಳಿದರೆ ತಾರಸಿ ಸೋರುವುದು ನಿಲ್ಲುತ್ತದೆಯೇ?

ಮಳೆಗಾಲ ಹತ್ತಿರ ಬರುತ್ತಿದ್ದಂತೆ ವಾಟ್ಸಾಪಿನಲ್ಲಿ ಒಂದು ಬಗೆಯ ವಿಡಿಯೋ ಮತ್ತೆ ಓಡಾಡತೊಡಗುತ್ತದೆ. ಹೊಸ ಟಿವಿಯ ಡಬ್ಬದಲ್ಲಿ ಬಂದ ಥರ್ಮೋಕೋಲನ್ನು ಚೂರು ಮಾಡಿ ಪೆಟ್ರೋಲಿಗೋ ಥಿನ್ನರ್‌ಗೋ ಹಾಕುತ್ತಾರೆ. ಬುಟ್ಟಿ ತುಂಬ ಇದ್ದದ್ದು ನೋಡನೋಡುತ್ತಲೇ ಇಳಿದು ಒಂದು ಹಿಡಿ ಅಂಟಾಗುತ್ತದೆ. ಅದನ್ನು ತಾರಸಿಯ ಬಿರುಕಿಗೆ ಬಳಿದು, ಮೇಲೆ ಒಂದು ಚೊಂಬು ನೀರು ಸುರಿದು, ಹನಿಯೂ ಇಳಿಯುತ್ತಿಲ್ಲ ನೋಡಿ ಎನ್ನುತ್ತಾರೆ. ಅಂಗಡಿಯಲ್ಲಿ ವಾಟರ್‌ಪ್ರೂಫಿಂಗ್ ಬಕೆಟ್ಟಿಗೆ ಸಾವಿರಾರು ರೂಪಾಯಿ ಕೇಳುವಾಗ ಇದನ್ನೇ ಮಾಡಿದರಾಗದೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ವಿಡಿಯೋದಲ್ಲಿ ಕಾಣುವುದು ಸುಳ್ಳಲ್ಲ. ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಅದರ ಗಾತ್ರದಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಬರೀ ಗಾಳಿ. ದ್ರಾವಕ ತಗುಲಿದಾಗ ಪ್ಲಾಸ್ಟಿಕ್ ಮೆದುವಾಗಿ ಗಾಳಿ ಹೊರಹೋಗುತ್ತದೆ, ಉಳಿದದ್ದು ಅಂಟು. ಆ ಅಂಟು ನೀರನ್ನು ಬಿಡುವುದಿಲ್ಲ ಎನ್ನುವುದೂ ನಿಜವೇ. ಆದರೆ ಆರು ತಿಂಗಳ ನಂತರ ಅದು ಹೇಗಿದೆ ಎಂದು ಆ ವಿಡಿಯೋ ತೋರಿಸುವುದಿಲ್ಲ.

ದ್ರಾವಕ ಆರಿದ ಮೇಲೆ ಅಲ್ಲಿರುವುದು ಮತ್ತದೇ ಪಾಲಿಸ್ಟೈರೀನ್. ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಲೋಟವನ್ನು ಹಿಸುಕಿದರೆ ಚಟ್ಟೆಂದು ಸೀಳುತ್ತದಲ್ಲ, ಅಂಥ ಪೆಡಸು ವಸ್ತು. ಅದರ ಕೆಳಗಿರುವ ತಾರಸಿಯೋ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಬಿಸಿ ಒಂದು ಡಿಗ್ರಿ ಏರಿದರೆ ಕಾಂಕ್ರೀಟ್ ಮೀಟರಿಗೆ ಸುಮಾರು 10 ಮೈಕ್ರಾನ್‌ನಷ್ಟು ಹಿಗ್ಗುತ್ತದೆ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಾದರೆ, 10 ಮೀಟರ್ ಉದ್ದದ ತಾರಸಿಗೆ ಲೆಕ್ಕದ ಪ್ರಕಾರ 3 ಮಿಲಿಮೀಟರ್. ಅಂದರೆ ಬಿರುಕು ದಿನಕ್ಕೊಮ್ಮೆ ಬಾಯಿ ಮುಚ್ಚಿ ಬಾಯಿ ತೆರೆಯುತ್ತಿರುತ್ತದೆ. ಮೇಲಿನ ಪೆಡಸು ಪದರಕ್ಕೆ ಅದರ ಜೊತೆ ಜಗ್ಗಲು ಆಗುವುದಿಲ್ಲ, ತಾನೂ ಸೀಳುತ್ತದೆ. ಸಾಲದ್ದಕ್ಕೆ ಬಿಸಿಲಿನ ನೇರಳಾತೀತ ಕಿರಣಗಳು ಪಾಲಿಸ್ಟೈರೀನನ್ನು ಹಳದಿಗಟ್ಟಿಸಿ ಪುಡಿಯಾಗಿಸುತ್ತವೆ.

ಇದಕ್ಕಿಂತ ದೊಡ್ಡ ಚಿಂತೆ ಬೆಂಕಿಯದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ತಾರಸಿಯ ಮೇಲೆ ಕಲಸುತ್ತಿದ್ದರೂ ಅದು ನೆಲ ಹಿಡಿದು ಹರಿದು ಮೆಟ್ಟಿಲಿಳಿದು ಬರಬಲ್ಲದು. ಕೆಳಗೆ ಒಲೆಯೋ ದೇವರ ದೀಪವೋ ಉರಿಯುತ್ತಿದ್ದರೆ ಮುಗಿಯಿತು. ಹೊತ್ತಿಕೊಂಡ ಅಂಟು ಮೈಗೆ ಮೆತ್ತಿದರೆ ಬಿಡಿಸಲೂ ಬಾರದು. ದಯವಿಟ್ಟು ಇದನ್ನು ಪ್ರಯೋಗಕ್ಕೆಂದೂ ಮಾಡಬೇಡಿ.

ಹಾಗಾದರೆ ಅಂಗಡಿಯ ಬಕೆಟ್ಟಿನಲ್ಲಿ ಏನಿದೆ? ಸಾಮಾನ್ಯವಾಗಿ ಅಕ್ರಿಲಿಕ್ ಪಾಲಿಮರ್. ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವಂತೆ, ಮೈಕ್ರಾನಿಗಿಂತ ಸಣ್ಣ ಪಾಲಿಮರ್ ಕಣಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ. ಬಳಿದ ಮೇಲೆ ನೀರು ಆರುತ್ತದೆ, ಕಣಗಳು ಒತ್ತೊತ್ತಾಗಿ ಸೇರಿ ಒಂದಕ್ಕೊಂದು ಬೆಸೆದು ಹಾಳೆಯಂತಾಗುತ್ತವೆ. ಈ ಪಾಲಿಮರನ್ನು ಮಾಮೂಲಿ ಹವೆಯಲ್ಲಿ ರಬ್ಬರಿನಂತೆ ಇರುವಂತೆ ಆರಿಸಿರುತ್ತಾರೆ. ಆದ್ದರಿಂದ ಬಿರುಕು ಅಲ್ಪಸ್ವಲ್ಪ ಹಿಗ್ಗಿದರೂ ಅದು ಜಗ್ಗಿಕೊಂಡು ಉಳಿಯುತ್ತದೆ. ಥರ್ಮೋಕೋಲ್ ಅಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಕಣಗಳು ಬೆಸೆಯುವ ಮೊದಲೇ ಮಳೆ ಬಿದ್ದರೆ ಬಳಿದದ್ದು ಹಾಲಿನಂತೆ ಹರಿದುಹೋಗುತ್ತದೆ.

ಒಳ್ಳೆಯ ಬಕೆಟ್ ತಂದರೂ ಸೋರುವುದು ನಿಲ್ಲದೆ ಇರುವುದಕ್ಕೆ ಒಂದು ಮುಖ್ಯ ಕಾರಣ ದಪ್ಪ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ಹರಡಿದರೆ 1 ಮಿಲಿಮೀಟರ್ ಹಸಿ ಪದರ. ಅದರಲ್ಲಿ ಅರ್ಧ ಭಾಗ ನೀರು ಎಂದಿಟ್ಟುಕೊಂಡರೆ ಆರಿದ ಮೇಲೆ ಉಳಿಯುವುದು ಅರ್ಧ ಮಿಲಿಮೀಟರ್. ಈಗ 600 ಚದರಡಿ, ಅಂದರೆ ಸುಮಾರು 56 ಚದರ ಮೀಟರ್ ತಾರಸಿಗೆ 20 ಲೀಟರಿನ ಒಂದೇ ಬಕೆಟ್ ತಂದು ಹೇಗೋ ಎಳೆದು ಮುಗಿಸಿದರೆ, ಆರಿದ ಪದರ 0.18 ಮಿಲಿಮೀಟರ್, ಎರಡು ಹಾಳೆ ಕಾಗದದಷ್ಟು! ಅರ್ಧ ಮಿಲಿಮೀಟರ್ ಬೇಕೆಂದರೆ ಮೂರು ಬಕೆಟ್ ಹತ್ತಿರ ಬೇಕು. ಪೇಂಟರ್ ನೀರು ಬೆರೆಸಿ ಚೆನ್ನಾಗಿ ಹರಡುತ್ತೆ ಸಾರ್ ಎಂದರೆ ಖುಷಿಪಡುವ ಹಾಗಿಲ್ಲ. ಬೆರೆಸಿದ ನೀರು ಆರಿಹೋಗುತ್ತದೆ, ಪಾಲಿಮರ್ ಹೆಚ್ಚುವುದಿಲ್ಲ. ಮೊದಲ ಪ್ರೈಮರ್ ಕೋಟಿಗೆ ಮಾತ್ರ ಡಬ್ಬದ ಮೇಲೆ ಹೇಳಿದಷ್ಟು ನೀರು ಹಾಕುವುದು ಸರಿ, ಅದು ರಂಧ್ರಗಳಿಗೆ ಇಳಿಯಬೇಕಲ್ಲ. ಉಳಿದ ಕೋಟುಗಳನ್ನು ಒಂದು ಉದ್ದಕ್ಕೆ, ಅದು ಆರಿದ ಮೇಲೆ ಇನ್ನೊಂದು ಅಡ್ಡಕ್ಕೆ ಎಳೆದರೆ ಬಿಟ್ಟುಹೋದ ಜಾಗಗಳು ಮುಚ್ಚಿಕೊಳ್ಳುತ್ತವೆ. ದಪ್ಪ ಬೇಕೆಂದು ಒಂದೇ ಸಲ ಸುರಿದು ಬಳಿದರೆ ಮೇಲೆ ಸಿಪ್ಪೆಗಟ್ಟಿ ಒಳಗೆ ಹಸಿ ಉಳಿಯುತ್ತದೆ.

ಎರಡನೆಯ ಕಾರಣ ಪದರದ ಕೆಳಗಿದೆ. ಕಾಂಕ್ರೀಟ್ ಕಲ್ಲಿನಂತೆ ಕಂಡರೂ ಅದರಲ್ಲಿ ಕೂದಲಿಗಿಂತ ಸಣ್ಣ ರಂಧ್ರಗಳಿರುತ್ತವೆ. ಸಿಮೆಂಟ್ ಗಟ್ಟಿಯಾಗುವ ರಾಸಾಯನಿಕ ಕ್ರಿಯೆಗೆ ಅದರ ತೂಕದ ಸುಮಾರು ಕಾಲು ಭಾಗ ನೀರು ಸಾಕು. ಕಲಸಲು ಸಲೀಸಾಗಲೆಂದು ಕೆಲಸದವರು ಧಾರಾಳವಾಗಿ ಸುರಿಯುವ ಉಳಿದ ನೀರು ಆರಿಹೋದಾಗ ಅದಿದ್ದ ಜಾಗ ಖಾಲಿ ದಾರಿಗಳಾಗುತ್ತವೆ. ಈ ದಾರಿಗಳಲ್ಲಿ ನೀರು ನಿಂತಿರುವಾಗಲೇ ಮೇಲೆ ಅಕ್ರಿಲಿಕ್ ಬಳಿದರೆ, ಬಿಸಿಲಿಗೆ ಆ ನೀರು ಆವಿಯಾಗಿ ಪದರವನ್ನು ಕೆಳಗಿನಿಂದ ನೂಕುತ್ತದೆ. ಬೇಸಿಗೆ ಬರುವಷ್ಟರಲ್ಲಿ ದೋಸೆಯ ಮೇಲೆದ್ದಂತೆ ಗುಳ್ಳೆಗಳು. ತಾರಸಿ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಮೈ ಬೆವರಿದ್ದರೆ ಇನ್ನೂ ಕಾಯಬೇಕು. ಹಾಗೆಂದು ಎಲ್ಲಕ್ಕೂ ಇದೇ ನಿಯಮವಲ್ಲ: ಪುಡಿ ಮತ್ತು ದ್ರವ ಎರಡನ್ನೂ ಕಲಸಿ ಬಳಿಯುವ ಸಿಮೆಂಟ್-ಪಾಲಿಮರ್ ಲೇಪಕ್ಕೆ ಮೈ ಸ್ವಲ್ಪ ಒದ್ದೆಯಾಗಿರಬೇಕು, ಇಲ್ಲದಿದ್ದರೆ ಒಣ ಕಾಂಕ್ರೀಟ್ ಲೇಪದ ನೀರನ್ನೇ ಹೀರಿಕೊಳ್ಳುತ್ತದೆ. ಯಾವುದನ್ನು ತಂದಿದ್ದೀರಿ ಎಂದು ನೋಡಿಕೊಳ್ಳಿ.

ಪಾಚಿ, ಧೂಳು, ಹಳೆಯ ಸಿಪ್ಪೆ ಇದ್ದರೆ ಲೇಪ ಅಂಟಿಕೊಳ್ಳುವುದು ಅವಕ್ಕೇ ಹೊರತು ತಾರಸಿಗಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸುವುದು ಬೇಸರದ ಕೆಲಸ, ಅದಕ್ಕೇ ಗುತ್ತಿಗೆಯಲ್ಲಿ ಮೊದಲು ತಪ್ಪಿಸಿಕೊಳ್ಳುವುದೂ ಅದೇ. ಬಿರುಕುಗಳನ್ನು ಕೊಂಚ ಅಗಲ ಮಾಡಿ ತುಂಬಿ, ಅದರ ಮೇಲೂ ಪ್ಯಾರಾಪೆಟ್ ಗೋಡೆಯ ಬುಡದಲ್ಲೂ ಫೈಬರ್ ಬಲೆಯನ್ನು ಕೋಟಿನೊಳಗೆ ಹುದುಗಿಸಬೇಕು. ಲೇಪ ಗೋಡೆಯ ಮೇಲೂ ಅರ್ಧ ಅಡಿಯಾದರೂ ಹತ್ತಬೇಕು. ನೀರು ಹೆಚ್ಚಾಗಿ ನುಸುಳುವುದು ಆ ಮೂಲೆಯಲ್ಲಿ ಮತ್ತು ಪೈಪಿನ ಬಾಯಿಯಲ್ಲಿ.

ಇಳಿಜಾರು, ಮೇಸ್ತ್ರಿಗಳ ಮಾತಿನಲ್ಲಿ ವಾಟ, ಸರಿಯಿಲ್ಲದೆ ವಾರಗಟ್ಟಲೆ ನೀರು ನಿಂತರೆ ಅಕ್ರಿಲಿಕ್ ಮೆತ್ತಗಾಗಿ ಸುಲಿಯುತ್ತದೆ. 10 ಅಡಿಗೆ ಒಂದೂಕಾಲು ಅಂಗುಲದಷ್ಟಾದರೂ ಇಳಿಜಾರಿರಲಿ. ಅದಿಲ್ಲದ ಕಡೆ ಮೊದಲು ವಾಟ ಸರಿಮಾಡಿಸಬೇಕು, ಇಲ್ಲವೇ ದುಬಾರಿಯಾದರೂ ಪಾಲಿಯುರೆಥೇನ್ ಲೇಪ. ಬೆಂಗಳೂರು, ಮೈಸೂರಿನ ಹಳೆಯ ಮನೆಗಳ ಮದ್ರಾಸ್ ತಾರಸಿಗಳಿಗೆ ಇಂಥ ಬಕೆಟ್ ಯಾವುದೂ ಇರಲಿಲ್ಲ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ ಹಾಕಿ, ಬೆಲ್ಲ-ಅಳಲೆಕಾಯಿಯ ನೀರು ಚಿಮುಕಿಸುತ್ತ ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿದು ರಂಧ್ರ ಮುಚ್ಚುವುದು, ವಾಟ ಕೊಟ್ಟು ನೀರನ್ನು ಬೇಗ ಸಾಗಹಾಕುವುದು, ಅವರ ಉಪಾಯ ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆ: ಒಳಗೆ ಹನಿಯುವ ಜಾಗದ ನೇರ ಮೇಲೆಯೇ ತೂತಿದೆ ಎನ್ನುವುದು. ಸ್ಲ್ಯಾಬಿನೊಳಗಿನ ವೈರಿಂಗ್ ಪೈಪ್ ಹಿಡಿದು ನೀರು ಎಲ್ಲೆಲ್ಲೋ ಹೋಗಿ ಫ್ಯಾನಿನ ಕೊಂಡಿಯಲ್ಲಿ ಇಳಿಯುವುದುಂಟು. ಹಾಗಾದಾಗ ಆ ಸ್ವಿಚ್ ಮುಟ್ಟದೆ ಮೇನ್ ಆಫ್ ಮಾಡಿ. ಮಳೆಯಿಲ್ಲದ ತಿಂಗಳಲ್ಲೂ ತೇವ ಇದ್ದರೆ ಮೇಲಿನ ಟ್ಯಾಂಕು, ಪೈಪುಗಳನ್ನು ಮೊದಲು ಅನುಮಾನಿಸಬೇಕು.

ಒಳಗಿನಿಂದ ಸೀಲಿಂಗಿಗೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಕಲೆ ಕೆಲವು ದಿನ ಕಾಣುವುದಿಲ್ಲ. ಆದರೆ ನೀರು ಸ್ಲ್ಯಾಬಿನೊಳಗೇ, ಕಬ್ಬಿಣದ ಸರಳುಗಳ ಸುತ್ತಲೇ ನಿಲ್ಲುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಸರಳು ಕಾಣುವಂತೆ ಸೀಲಿಂಗಿನ ಚಕ್ಕೆಗಳು ಕಳಚಿ ಬೀಳುವುದು ಹೀಗೆ. ಅಂಥ ಮನೆಗೆ ಲೇಪ ಸಾಲದು, ಎಂಜಿನಿಯರಿಗೆ ತೋರಿಸಿ.

ಕೆಲಸಕ್ಕೆ ಒಳ್ಳೆಯ ಕಾಲ ಫೆಬ್ರವರಿ, ಮಾರ್ಚ್. ಏಪ್ರಿಲಿನಲ್ಲಿ ಮುಂಗಾರುಪೂರ್ವ ಮಳೆ ಯಾವ ಸಂಜೆ ಬರುತ್ತದೋ ಹೇಳಲಾಗದು. ಸುಡುವ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಬಳಿಯಿರಿ. ಡಬ್ಬದ ಮೇಲೆ ಹೇಳಿದಷ್ಟು ದಿನ ಬಿಟ್ಟು, ಪೈಪಿನ ಬಾಯಿಗೆ ಬಟ್ಟೆ ತುರುಕಿ ಒಂದಂಗುಲ ನೀರು ಕಟ್ಟಿ 24ರಿಂದ 48 ಗಂಟೆ ನಿಲ್ಲಿಸಿ ಕೆಳಗೆ ನೋಡಿ. ಪೇಂಟರಿಗೆ ಕೊನೆಯ ಕಂತಿನ ಹಣ ಕೊಡುವುದನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಬಹುದು. ಒಳಗಿನ ಸೀಲಿಂಗಿಗೆ ಬಣ್ಣ ಹೊಡೆಸುವ ಆತುರ ಬೇಡ, ನೆನೆದ ಸ್ಲ್ಯಾಬ್ ಕೆಳಮುಖವಾಗಿ ಒಣಗಲು ವಾರಗಳೇ ಬೇಕಾಗುತ್ತವೆ.