ಬೆಳ್ಳಿಯ ದೀನಾರವನ್ನು ಗುರುತಿಸುವ ಬಗೆ

ಉಡುಪಿ, ಕಾಪು, ಕಾರ್ಕಳಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ವಿಕ್ಟೋರಿಯಾ ರಾಣಿಯ ಮುದ್ರೆಯುಳ್ಳ ಬೆಳ್ಳಿಯ ಪಾವಲಿಗಳು ಇನ್ನೂ ಉಳಿದಿರುವುದುಂಟು. ಸುಮಾರು 19 ಮಿಲಿಮೀಟರ್ ಅಗಲದ ಆ ಪಾವಲಿಯಷ್ಟೇ ದೊಡ್ಡದಾದ ಇನ್ನೊಂದು ಬೆಳ್ಳಿಯ ನಾಣ್ಯ ನಮ್ಮ ನಾಡಿನ ನೆಲದಲ್ಲಿ ದೊರೆತಿದೆ. ಅದೇ ರೋಮ್ ಸಾಮ್ರಾಜ್ಯದ ದೀನಾರಿಯಸ್. ಸಂಸ್ಕೃತದ ‘ದೀನಾರ’ ಶಬ್ದಕ್ಕೆ ಮೂಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುದಾರಿಗಾಗಿ ನೆಲವನ್ನಗೆಯುವಾಗ ಇಂತಹ 163 ನಾಣ್ಯಗಳು ಸಿಕ್ಕಿದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಇವು ಕಾಣಿಸಿಕೊಂಡಿವೆ.

ಇವೆರಡನ್ನು ಬೇರ್ಪಡಿಸುವುದು ಹೇಗೆ? ಮೊದಲು ಅಂಚನ್ನು ನೋಡಬೇಕು. ಪಾವಲಿ ಯಂತ್ರದಲ್ಲಿ ತಯಾರಾದುದು; ಅದರ ಅಂಚಿನಲ್ಲಿ ಸಾಲುಗೀರುಗಳಿವೆ. ದೀನಾರವಾದರೋ ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದುದು. ಆದುದರಿಂದ ಅದು ಪೂರ್ಣ ದುಂಡಗಿಲ್ಲ. ಚಿತ್ರವು ಒಂದು ಪಕ್ಕಕ್ಕೆ ಸರಿದಿರುತ್ತದೆ, ಅಂಚು ಅಲ್ಲಲ್ಲಿ ಸೀಳಿರುತ್ತದೆ. ಪ್ರತಿಯೊಂದು ಪೆಟ್ಟೂ ಬೇರೆಯಾದ ಕಾರಣ, ಓರೆಯಲ್ಲಿಯೂ ಕುಂದಿನಲ್ಲಿಯೂ ತದ್ರೂಪಾದ ಎರಡು ನಾಣ್ಯಗಳು ಎದುರಾದರೆ ಅವು ಎರಕದ ನಕಲುಗಳೆಂದು ಶಂಕಿಸುವುದು ಯುಕ್ತ. ಎರಕದ ನಾಣ್ಯದ ಮೈಮೇಲೆ ಗಾಳಿಗುಳ್ಳೆಗಳ ಸಣ್ಣ ಕುಳಿಗಳೂ ಇರಬಹುದು.

ಬಳಿಕ ಚಿತ್ರ. ಭಾರತದಲ್ಲಿ ದೊರೆತವುಗಳಲ್ಲಿ ಎರಡು ಬಗೆಗಳೇ ಹೆಚ್ಚು. ಆಗಸ್ಟಸನ ನಾಣ್ಯದ ಹಿಂಬದಿಯಲ್ಲಿ ಅವನ ದತ್ತುಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ನಿಂತಿದ್ದಾರೆ, ನಡುವೆ ಗುರಾಣಿಗಳೂ ಈಟಿಗಳೂ ಇವೆ. ಟೈಬೀರಿಯಸನ ನಾಣ್ಯದಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ಸುತ್ತಲೂ ‘ಪಾಂಟಿಫ್ ಮ್ಯಾಕ್ಸಿಮ್’, ಅಂದರೆ ಮಹಾಪುರೋಹಿತ, ಎಂಬ ಬಿರುದು. ಓದುವಾಗ, ‘ಯು’ ಅಕ್ಷರದ ಸ್ಥಾನದಲ್ಲಿ ರೋಮನರು ‘ವಿ’ ಕೆತ್ತುತ್ತಿದ್ದರೆಂಬುದನ್ನು ನೆನಪಿಡಬೇಕು.

ತೂಕವೂ ಸಾಕ್ಷಿ ಹೇಳುತ್ತದೆ. ಪಾವಲಿ 2.92 ಗ್ರಾಂ, ಸವೆಯದ ಆಗಸ್ಟಸನ ದೀನಾರ 3.9 ಗ್ರಾಂಗೆ ಸಮೀಪ. ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 84 ನಾಣ್ಯಗಳಾಗುತ್ತಿದ್ದವು. ಕ್ರಿ. ಶ. 64ರಲ್ಲಿ ನೀರೋ ಚಕ್ರವರ್ತಿಯು 96 ಮಾಡಿಸಿದನು, ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದನು. ಅನಂತರದ ಬೆಳ್ಳಿನಾಣ್ಯಗಳು ನಮ್ಮಲ್ಲಿ ವಿರಳ. ತಕ್ಕಡಿಯ ಮೇಲೆ ಕಣ್ಣಿಟ್ಟ ವರ್ತಕರು ಹಳೆಯವನ್ನೇ ಬಯಸಿದ್ದರೆ ಆಶ್ಚರ್ಯವಿಲ್ಲ. ಸಿಂಹಳದ ಅರಸನು ಮುಖಗಳು ಬೇರೆಯಾದರೂ ದೀನಾರಗಳ ತೂಕ ಒಂದೇ ಎಂಬುದನ್ನು ಕಂಡು ರೋಮನರ ಪ್ರಾಮಾಣಿಕತೆಯನ್ನು ಮೆಚ್ಚಿದನೆಂದು ಪ್ಲಿನಿ ಬರೆದಿದ್ದಾನೆ. ಪ್ಲಿನಿಯೂ ರೋಮನನೇ ಎಂಬುದು ಬೇರೆ ಮಾತು!

ಇಂತಹ ನಾಣ್ಯವನ್ನು ಹುಣಿಸೆಹಣ್ಣಿನಿಂದ ತಿಕ್ಕಬಾರದು. ಕಪ್ಪಿನೊಡನೆ ಅಕ್ಷರದ ಗೆರೆಗಳೂ ಸವೆದಾವು. ಅಕ್ಕಸಾಲಿಗನ ಮೂಸೆಗೆ ಹೋದರಂತೂ ಉಳಿಯುವುದು ನಾಲ್ಕು ಗ್ರಾಂಗೂ ಕಡಮೆಯ ಬೆಳ್ಳಿ ಮಾತ್ರ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕಟ್ಟಳೆ. ಸಿಕ್ಕ ಸ್ಥಳ, ಆಳ, ಜೊತೆಗಿದ್ದ ಮಡಕೆಯ ಚೂರುಗಳನ್ನೂ ಆಗಲೇ ಗುರುತು ಹಾಕಿಡಬೇಕು. ಏಕೆಂದರೆ ಟೈಬೀರಿಯಸನ ನಾಣ್ಯವು ಅವನು ಸತ್ತ ಎಷ್ಟೋ ವರ್ಷಗಳ ಮೇಲೂ ಕೈಯಿಂದ ಕೈಗೆ ಸಾಗುತ್ತಿತ್ತು, ಅದನ್ನು ಹೂಳಿದ ಕಾಲವನ್ನು ನಾಣ್ಯವೊಂದೇ ಹೇಳಲಾರದು.