ಅಕ್ಕಿ ಬಿಸಿಲಿಗೆ, ಹುಳ ನೆರಳಿಗೆ

ಮಂಗಳೂರಿನ ಚಳಿಗಾಲಕ್ಕೆ ಸ್ವೆಟರ್ ಬೇಕಾಗಿಲ್ಲ. ಡಿಸೆಂಬರಿನಲ್ಲೂ ಮಧ್ಯಾಹ್ನ 32-33 ಡಿಗ್ರಿ ಸೆಲ್ಸಿಯಸ್ ಸೆಕೆ ಇದ್ದೇ ಇರುತ್ತದೆ. ನಸುಕಿನಲ್ಲಿ 20ರ ಕೆಳಗಿಳಿದರೆ ಅದೇ ಸುದ್ದಿ. ಆದರೆ ಗಾಳಿ ಬೇರೆಯಾಗಿರುತ್ತದೆ. ಬೆಳಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದೆ, ಜೂನ್‌ನಿಂದ ಕಪಾಟಿನ ಬಟ್ಟೆಗಳಿಗೆ ಹಿಡಿದಿದ್ದ ಮುಗ್ಗಲು ವಾಸನೆ ಬಿಡುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ಒಸರುವುದು ನಿಲ್ಲುತ್ತದೆ. ಕ್ರಿಸ್‌ಮಸ್ ರಜೆ ಸಿಕ್ಕ ಕೂಡಲೇ ಬಂದರ್‌ನ ಹಂಚಿನ ಮನೆಗಳ ಅಂಗಳದಲ್ಲಿ, ಹೊಸ ಕಟ್ಟಡಗಳ ಟೆರೇಸಿನಲ್ಲಿ ಚಾಪೆ, ಹಳೆ ಸೀರೆ, ಗೆರಸೆಗಳು ಬಿಚ್ಚಿಕೊಳ್ಳುವುದಕ್ಕೆ ಕಾರಣ ಇದೇ. ವರ್ಷವಿಡೀ ‘ರಜೆಯಲ್ಲಿ ನೋಡೋಣ’ ಎಂದು ಬಾಕಿಯಿಟ್ಟ ಕೆಲಸಗಳಲ್ಲಿ ಅಡುಗೆಮನೆಯ ಡಬ್ಬಿಗಳ ಸರದಿ ಮೊದಲು.

ಹೀಗೆ ಹರಡಿದ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿಯಿಂದ ಸ್ವಲ್ಪ ಹೊತ್ತಿಗೆಲ್ಲ ಸಣ್ಣ ಕಪ್ಪು ಹುಳಗಳು ಹೊರಟು, ಚಾಪೆಯ ಅಂಚು ದಾಟಿ, ಗೋಡೆಯ ನೆರಳು ಹುಡುಕಿಕೊಂಡು ನಡೆಯುತ್ತವೆ. ಪೀಡೆ ತೊಲಗಿತು ಎಂದು ಸಂಜೆ ಅಕ್ಕಿಯನ್ನು ಮತ್ತೆ ಡಬ್ಬಿಗೆ ತುಂಬಿಡುತ್ತೇವೆ. ಜನವರಿ ಕೊನೆಯಲ್ಲಿ ಮುಚ್ಚಳ ತೆಗೆದರೆ ಹುಳ ಅಲ್ಲೇ! ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಅಂದು ನಡೆದುಹೋದದ್ದು ಹುಳಗಳ ಮನೆಯ ಹಿರಿಯರು ಮಾತ್ರ. ಮಕ್ಕಳು ಅಕ್ಕಿಕಾಳುಗಳ ಒಳಗೇ ಉಳಿದಿದ್ದವು.

ಈ ಅಕ್ಕಿಹುಳದ ಶಾಸ್ತ್ರೀಯ ಹೆಸರು ಸೈಟೋಫಿಲಸ್ ಒರೈಜೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1763ರಲ್ಲೇ ಇದನ್ನು ವರ್ಣಿಸಿದ. ಉದ್ದ ಎರಡೂವರೆ, ಮೂರು ಮಿಲಿಮೀಟರ್. ಬರಿಗಣ್ಣಿಗೆ ಕಪ್ಪು ಚುಕ್ಕಿ. ಭೂತಗನ್ನಡಿ ಹಿಡಿದರೆ ಬೆನ್ನಿನ ಮೇಲೆ ಕಿತ್ತಳೆ-ಕೆಂಪು ಬಣ್ಣದ ನಾಲ್ಕು ಮಚ್ಚೆಗಳು, ಸಾಲುಸಾಲಾಗಿ ಒತ್ತಿದಂಥ ಗುಳಿಗಳು, ಮುಂದೆ ಬಾಗಿದ ಉದ್ದನೆ ಮೂತಿ ಕಾಣುತ್ತವೆ. ಮೂತಿ ಸುಮಾರು ಒಂದು ಮಿಲಿಮೀಟರ್. ಸೊಳ್ಳೆಯ ಸೂಜಿಯಂತೆ ಹೀರುವ ಕೊಳವೆ ಇದಲ್ಲ. ತಲೆಯೇ ಮುಂದಕ್ಕೆ ಚಾಚಿಕೊಂಡಿದೆ, ಬಾಯಿ ಅದರ ತುದಿಯಲ್ಲಿದೆ, ಬಾಯಿಯಲ್ಲಿ ಜಗಿಯುವ ದವಡೆಗಳಿವೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತದೆ. ನಾವು ಅತ್ತ ತಿರುಗಿದ ಮೇಲೆ ಎದ್ದು ಹೋಗುತ್ತದೆ. ಹಾರಲೂ ಬಲ್ಲದು. ತಂಪು ದೇಶಗಳ ಗೋಧಿ ಉಗ್ರಾಣಗಳಲ್ಲಿರುವ ಇದರ ಸೋದರ ಸಂಬಂಧಿಗೆ ಹಾರುವ ರೆಕ್ಕೆಯೇ ಇಲ್ಲ.

ಆ ಮೂತಿಯ ನಿಜವಾದ ಉಪಯೋಗ ಹೆಣ್ಣಿಗೆ. ಅದು ಒಂದು ಕಾಳನ್ನು ಆರಿಸಿಕೊಂಡು ಮೂತಿ ಊರಿ ಕೊರೆಯುತ್ತದೆ. ತೂತು ಸಾಕಷ್ಟು ಆಳವಾದ ಮೇಲೆ ಹಿಂದೆ ತಿರುಗಿ, ಅದರೊಳಗೆ ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚುತ್ತದೆ. ಅಂಟು ಆರಿದ ಮೇಲೆ ತೂತಿದ್ದ ಜಾಗ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕೆಲವೇ ದಿನಗಳಲ್ಲಿ ಮರಿ ಹೊರಬರುತ್ತದೆ: ಬಿಳಿ, ದುಂಡನೆ, ಕಾಲುಗಳೇ ಇಲ್ಲ. ಕಾಲು ಯಾಕೆ ಬೇಕು? ಎಲ್ಲಿಗೂ ಹೋಗಬೇಕಾಗಿಲ್ಲ. ಸುತ್ತಲೂ ಗೋಡೆ, ಗೋಡೆಯೇ ಊಟ. ನಾಲ್ಕು ಹಂತಗಳಲ್ಲಿ ಬೆಳೆದು, ಅಲ್ಲೇ ಕೋಶವಾಗಿ, ಅಲ್ಲೇ ರೆಕ್ಕೆ ಮೂಡಿ, ಕೊನೆಗೆ ಕಾಳು ಕೊರೆದು ಹೊರಬರುತ್ತದೆ. 27ರಿಂದ 30 ಡಿಗ್ರಿ ಸೆಕೆ, ತೇವ ತುಂಬಿದ ಗಾಳಿ ಇದ್ದರೆ ಮೊಟ್ಟೆಯಿಂದ ಹುಳದವರೆಗಿನ ಈ ಪಯಣಕ್ಕೆ ಸುಮಾರು ಒಂದು ತಿಂಗಳು. ಮಂಗಳೂರಿನ ಅಡುಗೆಮನೆ ಹೇಳಿ ಮಾಡಿಸಿದ ಜಾಗ.

ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅವುಗಳಲ್ಲಿ ಅರ್ಧ ಹೆಣ್ಣು, ಎಲ್ಲವೂ ಬದುಕಿದವು ಎಂದು ಕಾಗದದ ಮೇಲೆ ಲೆಕ್ಕ ಹಾಕಿದರೆ ಮೊಮ್ಮಕ್ಕಳ ಸಂಖ್ಯೆ 45,000. ಡಬ್ಬಿಯಲ್ಲಿ ಹಾಗಾಗುವುದಿಲ್ಲ ಬಿಡಿ, ಎಷ್ಟೋ ಸಾಯುತ್ತವೆ. ಆದರೆ ಕಣ್ಣಿಗೆ ಬಿದ್ದ ಹುಳಗಳನ್ನು ಎಣಿಸಿ ‘ನಾಲ್ಕೇ ನಾಲ್ಕು’ ಎನ್ನುವುದರಲ್ಲಿ ಅರ್ಥವಿಲ್ಲ ಎಂಬುದಕ್ಕೆ ಈ ಲೆಕ್ಕ ಸಾಕು. ಅಕ್ಕಿ ತೊಳೆಯುವಾಗ ಮೇಲೆ ತೇಲುವ ಕಾಳುಗಳನ್ನು ನೋಡಿದರೆ ನಿಜಸ್ಥಿತಿ ಗೊತ್ತಾಗುತ್ತದೆ. ಒಳಗೆ ಪೊಳ್ಳಾದವು ತೇಲುತ್ತವೆ.

ಈ ಹುಳದ ಬದುಕಿನಲ್ಲಿ ನನಗೆ ಅತ್ಯಂತ ಸೋಜಿಗದ ಭಾಗ ಹೊರಗೆ ಕಾಣುವುದಲ್ಲ. ಪಾಲಿಷ್ ಮಾಡಿದ ಅಕ್ಕಿ ಎಂದರೆ ಬಹುಪಾಲು ಪಿಷ್ಟ. ಜೀವಸತ್ವ ಕಡಿಮೆ, ಕೆಲವು ಅಮೈನೋ ಆಮ್ಲಗಳ ಕೊರತೆ. ಅಂಥ ಬಡ ಊಟ ಉಂಡು ಇಷ್ಟು ಗಟ್ಟಿ ಕವಚ ಹೇಗೆ ಕಟ್ಟಿಕೊಳ್ಳುತ್ತದೆ? ಉತ್ತರ ಹುಳದ ಕರುಳಿಗೆ ಅಂಟಿಕೊಂಡ ವಿಶೇಷ ಜೀವಕೋಶಗಳಲ್ಲಿದೆ. ಅವುಗಳೊಳಗೆ ಸೊಡಾಲಿಸ್ ಎಂಬ ಬ್ಯಾಕ್ಟೀರಿಯ ಕಿಕ್ಕಿರಿದಿದೆ. ಕೊರತೆಯಾದ ಅಮೈನೋ ಆಮ್ಲಗಳನ್ನೂ ಜೀವಸತ್ವಗಳನ್ನೂ ತಯಾರಿಸಿ ಕೊಡುವುದು ಅದೇ. ತಾಯಿಯ ಮೊಟ್ಟೆಯ ಮೂಲಕವೇ ಮಕ್ಕಳಿಗೆ ದಾಟುತ್ತದೆ. ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯ ಇಲ್ಲದಂತೆ ಮಾಡಿದ ಹುಳಗಳು ಬದುಕುತ್ತವೆ, ಆದರೆ ನಿಧಾನ ಬೆಳೆಯುತ್ತವೆ, ಬಣ್ಣ ಪೇಲವ, ಹಾರಲು ತ್ರಾಣವಿಲ್ಲ.

ಮುಂದಿನದ್ದು ಇನ್ನೂ ವಿಚಿತ್ರ. ಫ್ರಾನ್ಸಿನ ಲಿಯೋಂ ನಗರದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಳ ಪ್ರಾಯಕ್ಕೆ ಬಂದ ಮೊದಲ ದಿನಗಳಲ್ಲಿ ಕರುಳಿನ ಬ್ಯಾಕ್ಟೀರಿಯಗಳ ಸಂಖ್ಯೆ ಏರುತ್ತಾ ಹೋಗುತ್ತದೆ. ಕವಚ ಗಟ್ಟಿಯಾಗಬೇಕಾದ ಕಾಲ ಅದು. ಕವಚ ಕಟ್ಟಿ ಮುಗಿದದ್ದೇ ತಡ, ಹುಳ ತನ್ನ ಆ ಜೀವಕೋಶಗಳನ್ನೇ ಕರಗಿಸಿ, ಒಳಗಿದ್ದ ಬ್ಯಾಕ್ಟೀರಿಯಗಳನ್ನು ಜೀರ್ಣಿಸಿಕೊಂಡುಬಿಡುತ್ತದೆ. ಸುಮಾರು ಎರಡು ವಾರಗಳಲ್ಲಿ ಕರುಳು ಖಾಲಿ. ಹೆಣ್ಣಿನ ಅಂಡಾಶಯದಲ್ಲಿ ಮಾತ್ರ ಮುಂದಿನ ಪೀಳಿಗೆಗೆಂದು ಒಂದಿಷ್ಟು ಉಳಿಯುತ್ತದೆ. ಬಿತ್ತನೆಗೆ ಬೇಕಾದಷ್ಟು ಎತ್ತಿಟ್ಟು ಉಳಿದದ್ದನ್ನು ಉಣ್ಣುವ ರೈತನ ಲೆಕ್ಕಾಚಾರ ಇದು.

ಮನುಷ್ಯನ ಜೊತೆ ಈ ವಂಶದ ನಂಟು ಬಹಳ ಹಳೆಯದು. ಜಪಾನಿನ ಜೋಮೋನ್ ಕಾಲದ ಮಡಕೆಗಳ ಜೇಡಿಮಣ್ಣಿನಲ್ಲಿ ಅಕ್ಕಿಹುಳದ ಹತ್ತಿರದ ಬಂಧು ಮೆಕ್ಕೆಜೋಳದ ಮೂತಿಹುಳದ ಅಚ್ಚುಗಳು ಸಿಕ್ಕಿವೆ. ಹತ್ತು ಸಾವಿರ ವರ್ಷಗಳಷ್ಟು ಹಿಂದೆ, ಆ ದ್ವೀಪಗಳಿಗೆ ಭತ್ತದ ಬೇಸಾಯ ಬರುವ ಎಷ್ಟೋ ಮೊದಲು, ಜನ ಕೂಡಿಟ್ಟ ಓಕ್, ಚೆಸ್ಟ್‌ನಟ್ ಕಾಯಿಗಳನ್ನು ಅವು ತಿನ್ನುತ್ತಿದ್ದಿರಬೇಕು. ನಾವು ಎಲ್ಲಿ ಕೂಡಿಟ್ಟೆವೋ ಅಲ್ಲಿ ಅವು. ಆಮೇಲೆ ಅಕ್ಕಿ ಹಡಗು ಹತ್ತಿದಾಗ ಅವೂ ಹತ್ತಿದವು. ನೇತ್ರಾವತಿ-ಗುರುಪುರ ನದಿಗಳು ಸಮುದ್ರ ಸೇರುವಲ್ಲಿರುವ ಮಂಗಳೂರಿನ ಹಳೆ ಬಂದರು ಶತಮಾನಗಳ ಕಾಲ ಅಕ್ಕಿಯ ಬಂದರಾಗಿತ್ತು. 16-17ನೇ ಶತಮಾನಗಳಲ್ಲಿ ಗೋವೆಯ ಪೋರ್ಚುಗೀಸರು ಊಟಕ್ಕೆ ನೆಚ್ಚಿಕೊಂಡದ್ದು ಈ ಕರಾವಳಿಯ ಅಕ್ಕಿಯನ್ನು. ಅದು ಮಸ್ಕತ್‌ವರೆಗೂ ಹೋಗುತ್ತಿತ್ತು. ಹಾಯಿ ಹಡಗಿನ ದೀರ್ಘ ಪಯಣದಲ್ಲಿ ಹುಳದ ಒಂದು ತಲೆಮಾರು ಆರಾಮಾಗಿ ಹುಟ್ಟಿ ಬೆಳೆದಿರಬೇಕು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಬಂದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿನಿಂದ ಮಂಜಿ ಎಂಬ ಮರದ ಹಡಗುಗಳು ಲಕ್ಷದ್ವೀಪಕ್ಕೆ ಅಕ್ಕಿ, ಬೇಳೆ, ತರಕಾರಿ ಒಯ್ಯುವುದು ಮಾತ್ರ ನಿಂತಿಲ್ಲ. ಬಂದರ್‌ನ ಸಗಟು ಅಂಗಡಿಗಳ ಅಕ್ಕಿ ಗೋದಾಮುಗಳೂ ಹಾಗೆಯೇ ಇವೆ. ಗೋಣಿಯೊಳಗೆ ಕೈ ತೂರಿಸಿದಾಗ ನಡುವೆ ಬೆಚ್ಚಗಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಸಾವಿರಾರು ಹುಳಗಳು ಉಸಿರಾಡುವುದರಿಂದಲೇ ಕಾಳು ಬಿಸಿಯಾಗುತ್ತದೆ, ತೇವ ಏರುತ್ತದೆ, ಹಿಂದೆಯೇ ಬೂಸ್ಟು ಬರುತ್ತದೆ.

ಹಾಗಾದರೆ ಫ್ರಿಜ್ಜು, ಔಷಧಿ ಇಲ್ಲದ ಕಾಲದಲ್ಲಿ ಇಲ್ಲಿಯವರು ಮಳೆಗಾಲ ಹೇಗೆ ದಾಟಿದರು? ಮೊದಲನೆಯದು, ಅಕ್ಕಿ ಮಾಡಿಡುವುದಕ್ಕಿಂತ ಭತ್ತವಾಗಿ ಇಟ್ಟದ್ದೇ ಹೆಚ್ಚು. ಬಿರುಕಿಲ್ಲದ ಹೊಟ್ಟನ್ನು ಭೇದಿಸುವುದು ಅಕ್ಕಿಹುಳಕ್ಕೆ ಕಷ್ಟ. ಎರಡನೆಯದು, ಕುಚ್ಚಲು. ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟ ಅಂಟಂಟಾಗಿ ಕೂಡಿಕೊಂಡು ಕಾಳಿನ ಸಣ್ಣ ಬಿರುಕುಗಳು ಬೆಸೆದುಕೊಳ್ಳುತ್ತವೆ. ಕಾಳು ಗಾಜಿನಷ್ಟು ಗಡುಸಾಗುತ್ತದೆ. ಕುಚ್ಚಲಕ್ಕಿಗೆ ಹುಳ ಬರುವುದೇ ಇಲ್ಲ ಎಂದಲ್ಲ, ಬೆಳ್ತಿಗೆಯಷ್ಟು ಬೇಗ ಬರುವುದಿಲ್ಲ. ಮೂರನೆಯದು ಮುಡಿ. ಬೈಹುಲ್ಲು ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಉರುಟು ಮಾಡಿದ ಮುಡಿಯಲ್ಲಿ 42 ಸೇರು ಅಕ್ಕಿ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ದಿನವೂ ಅದಕ್ಕೆ ಬಿಸಿ ಹೊಗೆ ತಾಗುತ್ತಿತ್ತು. ಹೊಗೆಗಿಂತ ಅಲ್ಲಿನ ಒಣಹವೆಯೇ ದೊಡ್ಡ ರಕ್ಷಣೆ ಎಂದು ನನ್ನ ಅಂದಾಜು. ಕಾಳಿನ ತೇವಾಂಶ ಶೇಕಡಾ 10ರ ಹತ್ತಿರ ಇಳಿದರೆ ಈ ಹುಳದ ಸಂತಾನ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಡಿಸೆಂಬರಿನ ಚಾಪೆಗೆ ಈಗ ಮರಳೋಣ. ಕಾಳಿನೊಳಗಿನ ಮರಿ ಬೇಗ ಸಾಯಬೇಕಾದರೆ ಕಾಳೇ 50 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬೇಕು. ನಮ್ಮ ರಜೆಯ ಬಿಸಿಲಿಗೆ ಚಾಪೆಯ ಅಕ್ಕಿ ಅಷ್ಟು ಕಾಯುವುದಿಲ್ಲ. ಏಪ್ರಿಲ್ ಬಿಸಿಲಿಗಾದರೆ ಕಾಂಕ್ರೀಟಿನ ಮೇಲೆ ಕಾಯಬಹುದು, ಆದರೆ ಬೆಳ್ತಿಗೆ ಅಕ್ಕಿ ಫಕ್ಕನೆ ಒಣಗಿದರೆ ಬಿರುಕು ಬಿಟ್ಟು ಬೇಯಿಸುವಾಗ ನುಚ್ಚಾಗುತ್ತದೆ. ಬಿಸಿಲಿಗೆ ಹಾಕಬೇಡ, ನೆರಳಿನಲ್ಲಿ ಆರಹಾಕು ಎಂದು ಹಿರಿಯರು ಗದರುವುದು ಸುಮ್ಮನೆ ಅಲ್ಲ. ಎಳೆ ಬಿಸಿಲು ಮಾಡುವ ಕೆಲಸ ಎರಡೇ: ಬಲಿತ ಹುಳಗಳನ್ನು ಓಡಿಸುವುದು, ಮಳೆಗಾಲದಲ್ಲಿ ಅಕ್ಕಿ ಕುಡಿದ ತೇವ ಹಿಂತೆಗೆಯುವುದು. ಎರಡನೆಯದನ್ನು ಬಿಸಿಲಿಗಿಂತ ಗಾಳಿಯೇ ಚೆನ್ನಾಗಿ ಮಾಡುತ್ತದೆ, ಆ ಗಾಳಿ ಸಿಗುವುದು ಈ ತಿಂಗಳಲ್ಲೇ. ಒಳಗಿದ್ದ ಮರಿಗಳು ಹೊರಬರಲು ಮೂರು-ನಾಲ್ಕು ವಾರ ಬೇಕು. ಆದ್ದರಿಂದ ಒಮ್ಮೆ ಹರಡಿ ಕೈತೊಳೆದುಕೊಂಡರೆ ಅರ್ಧ ಕೆಲಸ. ಹೊರಬಂದ ಹೊಸ ಹೆಣ್ಣುಗಳು ಮೊಟ್ಟೆಯಿಟ್ಟು ಮುಗಿಸುವ ಮೊದಲು, ಅಂದರೆ ಜನವರಿ ಮಧ್ಯದಲ್ಲಿ ಒಮ್ಮೆ, ತಿಂಗಳ ಕೊನೆಗೆ ಮತ್ತೊಮ್ಮೆ ಹರಡಿ ಜರಡಿ ಹಿಡಿಯಬೇಕು. ರಜೆ ಮುಗಿದಿರುತ್ತದೆ, ಭಾನುವಾರಗಳೇ ಗತಿ. ಕಡಿಮೆ ಅಕ್ಕಿಯಾದರೆ ಸುಲಭದ ದಾರಿಯಿದೆ: ಗಾಳಿಯಾಡದ ಚೀಲದಲ್ಲಿ ಕಟ್ಟಿ ನಾಲ್ಕೈದು ದಿನ ಫ್ರೀಜರಿನಲ್ಲಿಡಿ. ಮೈನಸ್ 18 ಡಿಗ್ರಿ ಚಳಿಗೆ ಮೊಟ್ಟೆ, ಮರಿ, ಹುಳ ಯಾವುದೂ ಉಳಿಯುವುದಿಲ್ಲ.

ಬೇವಿನ ಸೊಪ್ಪು, ಒಣಮೆಣಸು, ಲವಂಗಗಳ ವಾಸನೆ ಹೊಸ ಹುಳ ಬರುವುದನ್ನು ಅಷ್ಟಿಷ್ಟು ತಡೆದೀತು; ಕಾಳಿನೊಳಗೆ ಕುಳಿತ ಮರಿಗೆ ಅದರ ಗೊಡವೆಯೇ ಇಲ್ಲ. ಬೂದಿಯ ವಿಚಾರ ಬೇರೆ. ಅದರ ಚೂಪು ಕಣಗಳು ಹುಳದ ಮೈಯ ಮೇಣದ ಪದರವನ್ನು ಕೆರೆದು, ದೇಹದ ನೀರು ಆರಿಹೋಗುವಂತೆ ಮಾಡುತ್ತವೆ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಾತ್ರ ಮನೆಯೊಳಗೆ ತರಲೇಬಾರದು. ಗಾಳಿಯ ತೇವ ತಾಗಿದರೆ ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಹುಳಬಿದ್ದ ಅಕ್ಕಿ ತೊಳೆದು ಉಂಡವರಿಗೆ ಅಂಥದ್ದೇನೂ ಆಗುವುದಿಲ್ಲ. ಅಕ್ಕಿಹುಳ ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ.

ಕುಸ್ವಾರ್‌ಗೆಂದು (ಕ್ರಿಸ್‌ಮಸ್ ತಿಂಡಿಗಳಿಗೆಂದು) ತಂದ ಮೈದಾದಲ್ಲಿ ಕಾಣುವ ಕೆಂಚು ಹುಳ ಇದಲ್ಲ, ಹಿಟ್ಟಿನ ದುಂಬಿ. ಹಿಟ್ಟಿನಲ್ಲಿ ಅಕ್ಕಿಹುಳದ ಮರಿ ಬೆಳೆಯುವುದಿಲ್ಲ, ಅದಕ್ಕೆ ಗೋಡೆ ಬೇಕು. ಹೆಸರು, ಅಲಸಂಡೆ ಕಾಳುಗಳ ಸಿಪ್ಪೆಯ ಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಅಂಟಿಸುವುದು ಮೂರನೆಯದೊಂದು ಕೀಟ.

ಅಡುಗೆಮನೆ ಮುಗಿಸಿ ಹಿತ್ತಿಲಿಗೆ ಇಳಿದರೆ ಅಕ್ಕಿಹುಳದ ವಂಶದವರು ದೊಡ್ಡ ಗಾತ್ರದಲ್ಲಿ ಸಿಗುತ್ತಾರೆ. ತೆಂಗಿನ ಕೆಂಪು ಮೂತಿಹುಳ, ಬಾಳೆಯ ದಿಂಡು ಕೊರೆಯುವ ಮೂತಿಹುಳ ಎರಡೂ ಅಕ್ಕಿಹುಳದ ಉಪಕುಟುಂಬಕ್ಕೇ ಸೇರಿದವು. ಅದೇ ಮೂತಿ, ಕಾಲಿಲ್ಲದ ಅದೇ ಬಿಳಿ ಮರಿ, ಒಳಗಿದ್ದು ಗೋಡೆ ತಿನ್ನುವ ಅದೇ ರೀತಿ. ಕಾಳಿನ ಬದಲು ಮರ. ಗಂಡು ಅಕ್ಕಿಹುಳ ವಾಸನೆ ಬಿಟ್ಟು ತನ್ನವರನ್ನು ಕರೆಯುವಂತೆ ಗಂಡು ಕೆಂಪು ಮೂತಿಹುಳವೂ ಕರೆಯುತ್ತದೆ. ಆ ವಾಸನೆಯನ್ನು ತಯಾರಿಸಿ ಬಕೆಟ್ಟಿನಲ್ಲಿ ತೂಗುಹಾಕುವ ಮೋಹಕ ಬಲೆಗಳನ್ನು ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತೋಟಗಳಿಗೆ ಸೂಚಿಸುತ್ತದೆ. ರಜೆಯಲ್ಲಿ ತೆಂಗಿನ ಮರ ಚೊಕ್ಕ ಮಾಡಿಸುವವರು ಹಸಿ ಮಡಲನ್ನು ಕಾಂಡಕ್ಕೆ ತಾಗಿಸಿ ಕಡಿಸಬಾರದು, ಮೂರು-ನಾಲ್ಕು ಅಡಿ ದಂಟು ಉಳಿಸಬೇಕು; ಹಸಿ ಗಾಯದ ವಾಸನೆಗೇ ಹೆಣ್ಣು ಹುಳ ಬಂದು ಮೊಟ್ಟೆಯಿಡುತ್ತದೆ. ಗೊನೆ ಕಡಿದ ಬಾಳೆಯ ದಿಂಡನ್ನು ಬುಡದಲ್ಲೇ ಕೊಳೆಯಲು ಬಿಡುವುದೂ ಬೇಡ. ಒಂದಡಿ ಉದ್ದದ ತುಂಡುಗಳನ್ನು ಉದ್ದಕ್ಕೆ ಸೀಳಿ, ಸೀಳಿದ ಮೈ ಕೆಳಗಾಗಿ ರಾತ್ರಿ ನೆಲದ ಮೇಲೆ ಇಟ್ಟರೆ ಹುಳಗಳು ಅದರಡಿ ಸೇರುತ್ತವೆ. ಬೆಳಗ್ಗೆ ಹೆಕ್ಕಿ ಸಾಬೂನು ನೀರಿಗೆ ಹಾಕಿದರಾಯಿತು.